ಹಿನ್ನೀರಿನ ದೋಣಿಗೆ ಬೇಸಿಗೆ ಕೆಲಸ: ಇಬ್ಬರ ಕೈಯಲ್ಲಿ ಆಗುವಷ್ಟು

ನಾರಾಯಣಪುರದ ಬಸವಸಾಗರ ತುಂಬಿ ನಿಂತಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 492.25 ಮೀಟರ್. ಕಾಲುವೆಗೆ ನೀರು ಹರಿದು ಹರಿದು ಏಪ್ರಿಲ್ ಹೊತ್ತಿಗೆ ದಂಡೆ ದೂರ ಸರಿದಿರುತ್ತದೆ. ಮಳೆಗಾಲದಲ್ಲಿ ದೋಣಿ ಕಟ್ಟಿದ್ದ ಗೂಟ ಬಿರುಕು ಬಿಟ್ಟ ಎರೆಮಣ್ಣಿನಲ್ಲಿ ನಿಂತಿರುತ್ತದೆ. ದೋಣಿ ಮೇಲೆತ್ತಿ ವರ್ಷದ ಕೆಲಸ ಮುಗಿಸಲು ಇದೇ ಹೊತ್ತು. ಜೂನ್‌ನಲ್ಲಿ ಮಳೆ ಹಿಡಿದರೆ ಫೈಬರ್ ಒಣಗುವುದಿಲ್ಲ. ಆಲಮಟ್ಟಿಯಿಂದ ನೀರು ಬರಲು ಶುರುವಾದರೆ ದೋಣಿ ಎಳೆಯಲು ಪುರುಸೊತ್ತೂ ಸಿಗುವುದಿಲ್ಲ.

ಇಲ್ಲಿ ಹೇಳುತ್ತಿರುವುದು 16ರಿಂದ 18 ಅಡಿಯ ಫೈಬರ್ ದೋಣಿ ಮತ್ತು 9.9 ಅಥವಾ 15 ಎಚ್‌ಪಿಯ ಪೆಟ್ರೋಲ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ತಗುಲಿಸುವ ಇಂಜಿನ್ ಬಗ್ಗೆ. ಬಸವಸಾಗರದ ಹಿನ್ನೀರಿರಲಿ, ಬೀದರಿನ ಕಾರಂಜಾ ಇರಲಿ, ಚಿಂಚೋಳಿಯ ಚಂದ್ರಂಪಳ್ಳಿ ಇರಲಿ, ಕೆಲಸ ಒಂದೇ. ಗಂಡ ಹೆಂಡತಿ ಇಬ್ಬರೇ ಮಾಡುವ ಲೆಕ್ಕದಲ್ಲಿ ಬರೆದಿದ್ದೇವೆ. ದೋಣಿ ಎತ್ತಿ ಇಳಿಸುವುದೊಂದಕ್ಕೆ ದಂಡೆಯ ಮಂದಿ ಬೇಕು, ಉಳಿದದ್ದಕ್ಕೆ ಮೂರನೆಯವರು ಬೇಕಿಲ್ಲ.

ಇಂಜಿನ್ ಜೊತೆ ಬರುವ ಪುಸ್ತಕ ಹೆಚ್ಚಾಗಿ ಸಮುದ್ರದವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಉಪ್ಪು ತೊಳೆಯಿರಿ, ತುಕ್ಕು ನೋಡಿ, ಚಿಪ್ಪು ಕೆರೆಯಿರಿ ಎಂದೇ ಅರ್ಧ ಪುಸ್ತಕ. ನಮ್ಮಲ್ಲಿ ದೋಣಿ ತಿನ್ನುವವು ಮೂರು: ಬಿಸಿಲು, ಹೂಳು, ಕಿತ್ತುಹೋಗಿ ತೇಲಾಡುವ ನೈಲಾನ್ ಬಲೆ. ಹಾಗಾಗಿ ಆ ಪುಸ್ತಕದ ಕೆಲವು ಮಾತು ಬಿಟ್ಟುಬಿಡಬಹುದು, ಕೆಲವು ಕೆಲಸಕ್ಕೆ ಅದು ಕೊಟ್ಟ ಅವಧಿಯನ್ನು ಅರ್ಧಕ್ಕೆ ಇಳಿಸಬೇಕು.

ಮೊದಲು ಎತ್ತುವ ಕೆಲಸ. ಹೆಚ್ಚು ಪೆಟ್ಟು ಬೀಳುವುದೂ ಅಲ್ಲೇ. ದೋಣಿಗೆಂದೇ ಮಾಡಿದ ಟ್ರೇಲರ್ ನಮ್ಮ ಕಡೆ ಕಾಣುವುದು ಅಪರೂಪ, ಟ್ರ್ಯಾಕ್ಟರ್ ಟ್ರಾಲಿಯೇ ಗತಿ. ಇಂಜಿನ್, ಬ್ಯಾಟರಿ, ಪೆಟ್ರೋಲ್ ಟ್ಯಾಂಕ್, ಕೂಡುವ ಹಲಗೆ ಎಲ್ಲ ಇಳಿಸಿ, ಒಳಗೆ ನಿಂತ ನೀರನ್ನು ಪೂರ್ತಿ ಮೊಗೆದ ಮೇಲೆ ದೋಣಿಗೆ ಕೈ ಹಚ್ಚಿ. ನೂರು ಲೀಟರ್ ನೀರು ಉಳಿದಿದ್ದರೆ ನೂರು ಕಿಲೊ ಜಾಸ್ತಿ ಎತ್ತಿದ ಹಾಗೆ. ಟ್ರಾಲಿಯ ಕಬ್ಬಿಣಕ್ಕೆ ತಳ ನೇರವಾಗಿ ತಾಗಬಾರದು. ಜೋಳದ ಕಣಿಕೆ ಒತ್ತಿ ತುಂಬಿದ ಗೋಣಿಚೀಲ ಹಾಸಿ ಕೂಡಿಸಿ. ಮನೆ ಮುಂದೆ ಇಳಿಸಿದ ಮೇಲೂ ಅಷ್ಟೇ. ಭಾರವೆಲ್ಲ ತಳದ ನಡುವಿನ ಏಣಿನ ಮೇಲೆ ಬೀಳಬೇಕು, ಪಕ್ಕಕ್ಕೆ ಇಟ್ಟ ಹಳೆಯ ಟೈರ್‌ಗಳು ದೋಣಿ ವಾಲದಂತೆ ತಡೆದರೆ ಸಾಕು. ಎರಡು ಕಲ್ಲಿನ ಮೇಲೆ ಇಟ್ಟು 42 ಡಿಗ್ರಿ ಬಿಸಿಲಿಗೆ ಬಿಟ್ಟರೆ ಪಾಲಿಯೆಸ್ಟರ್ ಫೈಬರ್ ಕಾದು ತುಸು ಮೆತ್ತಗಾಗಿ, ಕಲ್ಲಿದ್ದ ಜಾಗ ಒಳಗೆ ಬಾಗುತ್ತದೆ. ಆ ಬಾಗು ಮತ್ತೆ ಏಳುವುದಿಲ್ಲ. ನೀರಿಗಿಳಿದ ಮೇಲೆ ದೋಣಿ ಒಂದು ಕಡೆಗೆ ಎಳೆಯುತ್ತದೆ, ದೋಷ ಇಂಜಿನ್ನಿನ ತಲೆಗೆ ಬರುತ್ತದೆ.

ತೊಳೆದು ಒಣಗಿದ ಮೇಲೆ ಒಂದು ಗಂಟೆ ಬರೀ ಬಡಿದು ಕೇಳುವ ಕೆಲಸ. ಇಂಜಿನ್ ಕೂಡುವ ಹಿಂಬದಿಯ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ಅದರೊಳಗೆ ಪ್ಲೈವುಡ್ ಇರುತ್ತದೆ. ಸ್ಕ್ರೂ ಡ್ರೈವರಿನ ಹಿಡಿಯಿಂದ ಎರಡೆರಡು ಇಂಚಿಗೆ ಬಡಿಯುತ್ತ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ನೀರು ಹೊಕ್ಕು ಪ್ಲೈವುಡ್ ಕೊಳೆತಲ್ಲಿ ದಬ್ ಅನ್ನುತ್ತದೆ. ಒಬ್ಬರು ಬಡಿಯಬೇಕು, ಇನ್ನೊಬ್ಬರು ಕಿವಿಗೊಟ್ಟು ಚಾಕ್‌ಪೀಸಿನಿಂದ ಗುರುತು ಹಾಕಬೇಕು. ಬಡಿಯುವವರಿಗೆ ತಮ್ಮ ಕೈಯ ಸದ್ದೇ ದೊಡ್ಡದು, ವ್ಯತ್ಯಾಸ ಸಿಗುವುದಿಲ್ಲ. ದಬ್ ಅನ್ನುವ ಜಾಗ ಅಂಗೈಯಷ್ಟು ಅಗಲ ಇದ್ದರೆ ಅದು ನಿಮ್ಮ ಕೆಲಸ ಅಲ್ಲ, ಫೈಬರ್ ಮೇಸ್ತ್ರಿಗೆ ತೋರಿಸಿ. ಬೋಲ್ಟಿನ ಸುತ್ತ ಮಾತ್ರ ಇದ್ದರೆ ಕೈಯಾರೆ ಸರಿಮಾಡಬಹುದು. 8 ಮಿ.ಮೀ. ಬೋಲ್ಟಿನ ತೂತನ್ನು 12ಕ್ಕೆ ಹಿಗ್ಗಿಸಿ, ಒಣಗಿಸಿ, ದಪ್ಪಗೆ ಕಲಸಿದ ಎಪಾಕ್ಸಿ (ಎರಡು ಭಾಗ ಬೆರೆಸಿ ಹಾಕುವ ಅಂಟು) ತುಂಬಿ, ಮರುದಿನ ನಡುವೆ ಮತ್ತೆ 8ರ ತೂತು ಕೊರೆಯಿರಿ. ಆಗ ಬೋಲ್ಟಿಗೂ ಪ್ಲೈವುಡ್ಡಿಗೂ ನಡುವೆ ಎಪಾಕ್ಸಿ ಕೊಳವೆ ನಿಲ್ಲುತ್ತದೆ, ಮರಕ್ಕೆ ನೀರು ತಾಗುವುದಿಲ್ಲ. ಬೋಲ್ಟ್ ಹಾಕುವಾಗ ಪಾಲಿಯುರೆಥೇನ್ ಸೀಲಂಟ್ ಬಳಸಿ. ಬಾತ್‌ರೂಮಿಗೆ ಹಚ್ಚುವ ಸಿಲಿಕಾನ್ ಬೇಡ. ಅದು ಹಚ್ಚಿದ ಜಾಗಕ್ಕೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ರೆಸಿನ್ನೂ ಹಿಡಿಯುವುದಿಲ್ಲ.

ದೋಣಿಯ ಹೊರಗಿನ ಹೊಳಪಿನ ಪದರ ಜೆಲ್‌ಕೋಟ್. ಅದರ ದಪ್ಪ ಅರ್ಧ ಮಿ.ಮೀ. ಆಸುಪಾಸು. ಕೈಯಾಡಿಸಿದರೆ ಬಿಳಿ ಪುಡಿ ಹತ್ತುತ್ತಿದ್ದರೆ ಬಿಸಿಲು ಅದನ್ನು ತಿನ್ನುತ್ತಿದೆ ಅಂತ ಅರ್ಥ. 1000 ನಂಬರಿನ ನೀರು ಪೇಪರಿನಿಂದ (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್) ಒಂದು ಸುತ್ತು, 2000ದಿಂದ ಒಂದು ಸುತ್ತು, ಆಮೇಲೆ ಕಾರಿಗೆ ಹಚ್ಚುವ ರಬ್ಬಿಂಗ್ ಕಾಂಪೌಂಡ್, ಕೊನೆಗೆ ವ್ಯಾಕ್ಸ್. ವ್ಯಾಕ್ಸ್ ಹಚ್ಚದೆ ಬಿಟ್ಟರೆ ಉಜ್ಜಿದ್ದು ದಂಡ. ವರ್ಷಕ್ಕೆ ಎರಡು ಸಲ ವ್ಯಾಕ್ಸ್, ಪೇಪರ್ ಮಾತ್ರ ಎರಡು ಮೂರು ವರ್ಷಕ್ಕೊಮ್ಮೆ. ಪ್ರತಿ ಬೇಸಿಗೆ ಹುರುಪಿನಿಂದ ಉಜ್ಜಿದರೆ ಅರ್ಧ ಮಿ.ಮೀ. ಎಷ್ಟು ದಿನ ಬಾಳಬೇಕು? ನೀರಿನ ಗೆರೆಯ ಕಂದು ಕಲೆಗೆ ಪೇಪರ್ ಬೇಡವೇ ಬೇಡ. ಕೈಗವಸು ಹಾಕಿ ಆಕ್ಸಾಲಿಕ್ ಆಸಿಡ್ಡಿನ ತೆಳು ದ್ರಾವಣ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದರೆ ಹೋಗುತ್ತದೆ.

ಈಗ ತೇಪೆ. ಹಿನ್ನೀರಿನಲ್ಲಿ ಮುಳುಗಿದ ಜಾಲಿ ಬೊಡ್ಡೆ, ಹಳೆಯ ಗೋಡೆಯ ಕಲ್ಲು ನೀರು ಇಳಿದಂತೆ ಮೇಲೆ ಬರುತ್ತವೆ, ತಳಕ್ಕೆ ಗೀರು ಬೀಳುವುದು ತಪ್ಪಿದ್ದಲ್ಲ. ಜೆಲ್‌ಕೋಟ್ ದಾಟಿ ಒಳಗಿನ ಫೈಬರ್ ಎಳೆ ಕಂಡರೆ ತೇಪೆ ಹಾಕಲೇಬೇಕು. ಬೇಕಾಗುವುದು ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪ್ಡ್ ಸ್ಟ್ರ್ಯಾಂಡ್ ಮ್ಯಾಟ್ (ಗಾಜಿನ ತುಂಡೆಳೆಗಳ ಹಾಸು), ಐಸೊಥಾಲಿಕ್ ಪಾಲಿಯೆಸ್ಟರ್ ರೆಸಿನ್, ಹಾರ್ಡ್‌ನರ್ ಅಂದರೆ ಎಂಇಕೆಪಿ, ರೆಸಿನ್ ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್, ಅಸಿಟೋನ್, 80ರ ಗ್ರೈಂಡಿಂಗ್ ಡಿಸ್ಕ್, ಸಣ್ಣ ರೋಲರ್, ಸೂಜಿ ತೆಗೆದ ಸಿರಿಂಜ್, ಅಡುಗೆ ಮನೆಯ ಡಿಜಿಟಲ್ ತಕ್ಕಡಿ. ಬೀದರಿನವರಿಗೂ ಕಲಬುರಗಿಯವರಿಗೂ ಈ ಸಾಮಾನಿಗೆ ಹೈದರಾಬಾದೇ ಹತ್ತಿರ. ಕೊಳ್ಳುವಾಗ ರೆಸಿನ್ನಿಗೆ ಕೋಬಾಲ್ಟ್ ಮೊದಲೇ ಬೆರೆಸಿದ್ದಾರೆಯೇ ಕೇಳಿಕೊಳ್ಳಿ. ಬೆರೆಸಿಲ್ಲದಿದ್ದರೆ ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲಷ್ಟೇ ಹಾರ್ಡ್‌ನರ್. ಕೋಬಾಲ್ಟನ್ನೂ ಹಾರ್ಡ್‌ನರನ್ನೂ ನೇರವಾಗಿ ಒಂದಕ್ಕೊಂದು ತಾಗಿಸಿದರೆ ಭಗ್ ಅಂತ ಉರಿಯುತ್ತದೆ, ಸ್ಫೋಟವೂ ಆಗಬಹುದು. ಎರಡೂ ಬಾಟಲಿ ಒಂದೇ ಡಬ್ಬದಲ್ಲಿ ಇಡಬೇಡಿ. ಹಾರ್ಡ್‌ನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಹಾಕಿಕೊಳ್ಳಿ, ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ. ಸಿಡಿದರೆ ಹದಿನೈದು ನಿಮಿಷ ಬಿಡದೆ ತೊಳೆದು ದವಾಖಾನೆಗೆ ಓಡಿ.

ಒಡೆದ ಜಾಗದ ಸುತ್ತ ಇಳಿಜಾರಾಗಿ ಗ್ರೈಂಡ್ ಮಾಡಬೇಕು. 4 ಮಿ.ಮೀ. ದಪ್ಪದ ತಳವಾದರೆ ಸುತ್ತಲೂ ಸುಮಾರು 5 ಸೆಂ.ಮೀ. ಇಳಿಜಾರು, ಅಂದರೆ ದಪ್ಪದ ಹನ್ನೆರಡು ಪಟ್ಟು. ಇದನ್ನು ಬಿಟ್ಟು ತೂತಿನ ಮೇಲೆ ಚಪ್ಪಟೆಯಾಗಿ ಮ್ಯಾಟ್ ಅಂಟಿಸಿದರೆ ಮುಂದಿನ ಕಲ್ಲಿಗೆ ತೇಪೆ ಬಿಲ್ಲೆಯಂತೆ ಎದ್ದು ಬರುತ್ತದೆ. ಫೈಬರ್ ದೂಳು ಮೈಗೆ ಹತ್ತಿದರೆ ಎರಡು ದಿನ ಕೆರೆತ. ತುಂಬುತೋಳಿನ ಅಂಗಿ, ಮಾಸ್ಕ್ ಹಾಕಿ. ಮುಗಿದ ಮೇಲೆ ಮೈ ಚೆನ್ನಾಗಿ ತೊಳೆಯಿರಿ. ಆ ಅರಿವೆಗಳನ್ನು ಬೇರೆಯಾಗಿಯೇ ಒಗೆಯಬೇಕು.

ಲೆಕ್ಕ ಹೀಗೆ. 30 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಒಂದು ಮ್ಯಾಟ್ ತುಂಡು ಸುಮಾರು 40 ಗ್ರಾಂ ತೂಗುತ್ತದೆ. ಮೂರು ಪದರಕ್ಕೆ 120 ಗ್ರಾಂ. ಮ್ಯಾಟಿನ ಎರಡೂವರೆ ಪಟ್ಟು ರೆಸಿನ್, ಅಂದರೆ 300 ಗ್ರಾಂ. ಹಾರ್ಡ್‌ನರ್ ನೂರಕ್ಕೆ ಒಂದು, ಅಂದರೆ 3 ಗ್ರಾಂ. ಸಿರಿಂಜಿನಲ್ಲಿ 3 ಮಿ.ಲೀ.ಗೆ ಚೂರು ಕಡಿಮೆ. ಡಬ್ಬಿಯ ಮೇಲೆ ನೂರಕ್ಕೆ ಎರಡು ಅಂತ ಬರೆದಿರಬಹುದು, ಅದು 25 ಡಿಗ್ರಿಯ ಮಾತು. ಸೆಕೆ ಹತ್ತು ಡಿಗ್ರಿ ಏರಿದರೆ ರೆಸಿನ್ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಗಟ್ಟಿಯಾಗುತ್ತದೆ. 25 ಡಿಗ್ರಿಯಲ್ಲಿ 20 ನಿಮಿಷ ಸಿಗುವ ಕಡೆ ನಮ್ಮ ಮಧ್ಯಾಹ್ನದಲ್ಲಿ ಏಳು ನಿಮಿಷವೂ ಸಿಗುವುದು ಕಷ್ಟ, ಡಬ್ಬಿಯಲ್ಲೇ ಹೊಗೆಯಾಡಿ ಕಲ್ಲಾಗುತ್ತದೆ. ಹಾಗಂತ ಹಾರ್ಡ್‌ನರನ್ನು ಒಂದಕ್ಕಿಂತ ಬಹಳ ಕೆಳಗಿಳಿಸಿದರೆ ಪೂರ್ತಿ ಗಟ್ಟಿಯಾಗುವುದೇ ಇಲ್ಲ, ತಿಂಗಳಾದರೂ ಉಗುರು ಇಳಿಯುತ್ತದೆ. ದಾರಿ ಒಂದೇ: ಮುಂಜಾನೆ ಆರಕ್ಕೆ ಶುರು, ಎಂಟರೊಳಗೆ ಮುಗಿಸುವುದು. 150 ಗ್ರಾಮಿನಂತೆ ಎರಡು ಸಲ ಕಲಸುವುದು, ಆಳದ ಡಬ್ಬಿಯ ಬದಲು ಅಗಲದ ತಟ್ಟೆಯಲ್ಲಿ. ಒಬ್ಬರು ತೂಗಿ ಕಲಸಿ ಕೊಡಬೇಕು, ಇನ್ನೊಬ್ಬರು ಹಚ್ಚಿ ರೋಲರ್ ಉರುಳಿಸಬೇಕು. ಕಲಸುವವರ ಕೈಗೆ ಅಂಟು ಆಗಬಾರದು, ಇಲ್ಲದಿದ್ದರೆ ತಕ್ಕಡಿಯ ಗುಂಡಿ ಒತ್ತಲು ಯಾರೂ ಉಳಿಯುವುದಿಲ್ಲ.

ಮೊದಲು ಅಸಿಟೋನ್ ಒರೆಸಿ, ಒಣಗಿದ ಮೇಲೆ ಬರೀ ರೆಸಿನ್ ಬಳಿದು, ಸಣ್ಣ ತುಂಡಿನಿಂದ ದೊಡ್ಡದಕ್ಕೆ ಒಂದರ ಮೇಲೊಂದು ಕೂಡಿಸಿ. ಮ್ಯಾಟ್ ಬಿಳಿ ಕಂಡಲ್ಲಿ ರೆಸಿನ್ ಸಾಲದು, ರೆಸಿನ್ ಮಡುಗಟ್ಟಿ ನಿಂತಲ್ಲಿ ಹೆಚ್ಚಾಗಿದೆ. ಗುಳ್ಳೆಯನ್ನು ರೋಲರಿನಿಂದ ನಡುವಿನಿಂದ ಅಂಚಿಗೆ ಓಡಿಸಿ. ಕೊನೆಯ ಜೆಲ್‌ಕೋಟ್ ಗಾಳಿಗೆ ತೆರೆದಿದ್ದರೆ ಮೇಲ್ಮೈ ಜಿಗುಟಾಗಿಯೇ ಉಳಿಯುತ್ತದೆ. ಓಎಚ್‌ಪಿ ಹಾಳೆಯನ್ನು (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಅದರ ಮೇಲೆ ಒತ್ತಿ ಅಂಟಿಸಿದರೆ ಗಟ್ಟಿಯಾಗುತ್ತದೆ, ಆಮೇಲೆ ಉಜ್ಜುವ ಕೆಲಸವೂ ಕಡಿಮೆ.

ಸಿಹಿನೀರು ಫೈಬರಿಗೆ ಸೌಮ್ಯ ಅನ್ನುವ ನಂಬಿಕೆ ಇದೆ. ತಳದ ಗುಳ್ಳೆಯ ವಿಷಯದಲ್ಲಿ ಅದು ಉಲ್ಟಾ. ಜೆಲ್‌ಕೋಟಿನ ಮೂಲಕ ನೀರು ಒಳಗೆ ಜಿನುಗುವುದು ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಜಾಸ್ತಿ, ಅದರಲ್ಲೂ ಬೆಚ್ಚಗಿನ ನೀರಾದರೆ ಇನ್ನೂ ಜೋರು. ಜಿನುಗಿದ ನೀರು ಒಳಗಿನ ರಾಸಾಯನಿಕದ ಜೊತೆ ಸೇರಿ ಕಡಲೆಕಾಳಿನ ಗಾತ್ರದ ಗುಳ್ಳೆ ಏಳುತ್ತದೆ. ಚುಚ್ಚಿದರೆ ವಿನೆಗರ್ ವಾಸನೆಯ ಅಂಟುನೀರು ಬರುತ್ತದೆ, ಕಣ್ಣಿಗೆ ಸಿಡಿಯದಂತೆ ಮುಖ ಪಕ್ಕಕ್ಕಿರಲಿ. ಗುಳ್ಳೆ ತೆರೆದು, ಗ್ರೈಂಡ್ ಮಾಡಿ, ದಿನವೂ ನೀರಿನಿಂದ ತೊಳೆದು, ವಾರಗಟ್ಟಲೆ ಒಣಗಲು ಬಿಟ್ಟು, ಎಪಾಕ್ಸಿ ಪುಟ್ಟಿ ತುಂಬಬೇಕು. ಕರಾವಳಿಯವರು ಒಣಗಿಸಲು ಪಡುವ ಪಾಡು ನಮಗಿಲ್ಲ, ಮೇ ತಿಂಗಳ ನಮ್ಮ ಗಾಳಿ ಆ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ಒಂದು ಎಚ್ಚರ ಇರಲಿ. ಪಾಲಿಯೆಸ್ಟರಿನ ಮೇಲೆ ಎಪಾಕ್ಸಿ ಹಿಡಿಯುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಸರಿಯಾಗಿ ಹಿಡಿಯುವುದಿಲ್ಲ. ಎಪಾಕ್ಸಿ ಹಾಕಿದ ಕಡೆ ಮೇಲೆ ಎಪಾಕ್ಸಿ ಪ್ರೈಮರ್, ಪಾಲಿಯುರೆಥೇನ್ ಬಣ್ಣ.

ಇಂಜಿನ್ನಿಗೆ ಬಂದರೆ ಹೂಳು ಮೊದಲು ಹಿಡಿಯುವುದು ನೀರಿನ ಪಂಪನ್ನು. ಒಳಗಿನ ಇಂಪೆಲ್ಲರ್, ಅಂದರೆ ರೆಕ್ಕೆಗಳಿರುವ ರಬ್ಬರ್ ಚಕ್ರ, ಕೆರೆಯ ನೀರನ್ನೇ ಎಳೆದು ಇಂಜಿನ್ ತಣ್ಣಗಿಡುತ್ತದೆ. ಇಂಜಿನ್ ಹಿಂದಿನ ಸಣ್ಣ ತೂತಿನಿಂದ ನೀರು ಬಲವಾಗಿ ಚಿಮ್ಮುತ್ತಿದ್ದರೆ ಪಂಪ್ ಸರಿ ಇದೆ. ಸಣ್ಣಗಾದರೆ ಮೊದಲು ಆ ತೂತಿಗೇ ನೈಲಾನ್ ದಾರ ತೂರಿಸಿ ನೋಡಿ, ಎಷ್ಟೋ ಸಲ ಅಲ್ಲಿ ಎರೆಮಣ್ಣು ಗಟ್ಟಿಯಾಗಿರುತ್ತದೆ. ಆದರೂ ಸರಿಹೋಗದಿದ್ದರೆ ಪಂಪ್ ಬಿಚ್ಚಬೇಕು. ದಂಡೆಯ ಹತ್ತಿರದ ಕೆಸರಿನಲ್ಲಿ ಪದೇ ಪದೇ ಇಂಜಿನ್ ಶುರು ಮಾಡುವವರು ಪ್ರತಿ ಬೇಸಿಗೆ ಇಂಪೆಲ್ಲರ್ ಬದಲಿಸುವುದು ಒಳ್ಳೆಯದು, ಕಣ್ಣಿಗೆ ಚೆನ್ನಾಗಿ ಕಂಡರೂ ಸರಿ. ಅದರ ಸುತ್ತಲಿನ ಕವಚ, ಕೆಳಗಿನ ಸ್ಟೀಲ್ ತಗಡು ಇವುಗಳಿಗೆ ಉಗುರಿಗೆ ತಾಗುವಂಥ ಗೀರು ಬಿದ್ದಿದ್ದರೆ ಅವನ್ನೂ ಬದಲಿಸಿ. ಬರೀ ರಬ್ಬರ್ ಹೊಸದಾದರೆ ಗೀರಿನ ಮೂಲಕ ನೀರು ಹಿಂದಕ್ಕೆ ಸೋರುತ್ತದೆ.

ಸ್ಪಾರ್ಕ್ ಪ್ಲಗ್ಗಿನ ವೈರ್ ತೆಗೆದಿಟ್ಟು ಕೆಲಸ ಶುರು ಮಾಡಿ. ಗೇರ್ ರಾಡಿನ ಜೋಡಣೆ ಬಿಚ್ಚಿ, ಕೆಳಭಾಗದ ಬೋಲ್ಟ್‌ಗಳನ್ನು ಪಾನಾದಿಂದ ಸಡಿಲಿಸಿದರೆ ಪ್ರೊಪೆಲ್ಲರ್ ಸಮೇತ ಗೇರ್ ಪೆಟ್ಟಿಗೆ ಕೆಳಗಿಳಿಯುತ್ತದೆ. ಯಾವ ಗೇರಿನಲ್ಲಿ ಬಿಚ್ಚಿದಿರೋ ಅದೇ ಗೇರಿನಲ್ಲಿ ಕೂಡಿಸಬೇಕು. ಪಂಪಿನ ಮುಚ್ಚಳ ತೆಗೆದಾಗ ಶಾಫ್ಟಿನ ಮೇಲಿನ ಪುಟ್ಟ ಲೋಹದ ಕೀಲಿ ಮಣ್ಣಿಗೆ ಬೀಳುತ್ತದೆ, ಕೆಳಗೆ ಬಿಳಿ ಅರಿವೆ ಹಾಸಿರಿ. ಹಳೆಯ ಇಂಪೆಲ್ಲರಿನ ರೆಕ್ಕೆಗಳನ್ನು ಎಣಿಸಿ. ಒಂದು ಮುರಿದಿದ್ದರೆ ಆ ತುಂಡು ಮೇಲಿನ ನೀರಿನ ದಾರಿಯಲ್ಲಿ ಕೂತಿರುತ್ತದೆ. ಅದನ್ನು ಹುಡುಕಿ ತೆಗೆಯದೆ ಹೊಸದು ಹಾಕಿದರೆ ಇಂಜಿನ್ ಮತ್ತೆ ಕಾಯುತ್ತದೆ. ಹೊಸ ಇಂಪೆಲ್ಲರಿಗೆ ಸಾಬೂನು ನೀರು ಅಥವಾ ಗ್ಲಿಸರಿನ್ ಸವರಿ. ಸಾಮಾನ್ಯ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಮೇಲಿನಿಂದ ನೋಡಿದಾಗ ಶಾಫ್ಟನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತ ಮುಚ್ಚಳ ಒತ್ತಿದರೆ ರೆಕ್ಕೆಗಳು ತಾವಾಗಿಯೇ ಸರಿಯಾದ ಕಡೆಗೆ ಬಾಗುತ್ತವೆ. ಆಮೇಲೆ ಹಿಮ್ಮುಖ ತಿರುಗಿಸಬೇಡಿ.

ಮತ್ತೆ ಕೂಡಿಸುವುದೇ ಇಬ್ಬರ ಕೆಲಸ. ಶಾಫ್ಟಿನ ಹಲ್ಲು, ನೀರಿನ ಕೊಳವೆ, ಗೇರ್ ರಾಡ್ ಮೂರೂ ಒಂದೇ ಹೊತ್ತಿಗೆ ತಮ್ಮ ತಮ್ಮ ಜಾಗಕ್ಕೆ ಹೋಗಬೇಕು. ಕೆಳಗೆ ಕೂತವರು ಪೆಟ್ಟಿಗೆ ಎತ್ತಿ ಹಿಡಿದು ಕೊಳವೆ ನೋಡಬೇಕು, ಮೇಲಿನವರು ರೀಕಾಯಿಲ್ (ಹಗ್ಗ ಎಳೆದು ಇಂಜಿನ್ ಶುರು ಮಾಡುವ ಭಾಗ) ಬಿಚ್ಚಿಟ್ಟು ಫ್ಲೈವೀಲ್, ಅಂದರೆ ಇಂಜಿನ್ನಿನ ನೆತ್ತಿಯ ಚಕ್ರದ ಮೇಲೆ ಕೈಯಿಟ್ಟಿರಬೇಕು. ಮಾತು ಇಷ್ಟೇ ಇರುತ್ತದೆ:

“ಕೊಳವಿ ಕೂತ್ತೇನು?”

“ಕೂತ್ತರಿ. ಹಲ್ಲ್ ಕೂಡವಲ್ದು, ಒಂಚೂರು ತಿರುಗಸ್ರಿ.”

ಅಂಗುಲದಷ್ಟು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಟಕ್ ಅಂತ ಮೇಲೇರುತ್ತದೆ. ಏರದಿದ್ದರೆ ಬೋಲ್ಟ್ ಬಿಗಿದು ಎಳೆಯಲು ಹೋಗಬೇಡಿ, ಅಲ್ಯೂಮಿನಿಯಂ ಬಿರುಕು ಬಿಡುತ್ತದೆ. ಹಲ್ಲಿಗೆ ನೀರು ತಡೆಯುವ ಗ್ರೀಸ್ ತೆಳ್ಳಗೆ ಸವರಬೇಕು, ಶಾಫ್ಟಿನ ನೆತ್ತಿಗೆ ಹಚ್ಚಬಾರದು. ನೆತ್ತಿಯ ಗ್ರೀಸ್ ತೂತಿನೊಳಗೆ ಸಿಕ್ಕಿ ಶಾಫ್ಟ್ ಪೂರ್ತಿ ಮೇಲೇರದಂತೆ ತಡೆಯುತ್ತದೆ. ನೀರಿಲ್ಲದೆ ಇಂಜಿನ್ ಶುರು ಮಾಡಿ ನೋಡುವ ಚಾಳಿ ಬಿಡಿ. ಒಣ ಓಟ ಕೆಲವೇ ಸೆಕೆಂಡಾದರೂ ಹೊಸ ರಬ್ಬರ್ ಸುಡುತ್ತದೆ. ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ, ಪಂಪಿನ ಜಾಗ ಮುಳುಗುವಂತೆ ಇಳಿಸಿ ನೋಡಿ. ಡ್ರಮ್ಮಿಗೆ ಸವಳು ಬೋರ್‌ವೆಲ್ ನೀರು ಬೇಡ, ಕಾದ ದಾರಿಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ. ತಿಳಿಯಾದ ಕೆರೆ ನೀರೇ ಮೇಲು.

ಗೇರ್ ಎಣ್ಣೆ ನೋಡುವ ಹಿಂದಿನ ರಾತ್ರಿ ಇಂಜಿನ್ ನೆಟ್ಟಗೆ ನಿಲ್ಲಿಸಿಡಿ. ಮುಂಜಾನೆ ಕೆಳಗಿನ ಸ್ಕ್ರೂ ಚೂರು ಸಡಿಲಿಸಿದರೆ, ಒಳಗೆ ನೀರು ಹೊಕ್ಕಿದ್ದರೆ ಮೊದಲ ಹನಿಗಳು ನೀರೇ ಆಗಿರುತ್ತವೆ. ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ಸೀಲ್ ಹೋಗಿದೆ. ನಮ್ಮ ಕಡೆ ಇದಕ್ಕೆ ಮುಖ್ಯ ಕಾರಣ ಬಲೆ. ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡ ನೈಲಾನ್ ಎಳೆ ಬಿಸಿಗೆ ಕರಗಿ ಸೀಲಿನ ಅಂಚು ಕತ್ತರಿಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಅದಕ್ಕೇ ಕಾಟರ್ ಪಿನ್ ತೆಗೆದು, ನಟ್ ಬಿಚ್ಚಿ, ಪ್ರೊಪೆಲ್ಲರ್ ಹೊರಗೆಳೆದು ನೋಡುವುದನ್ನು ಮೀನು ಹಿಡಿಯುವ ದಿನಗಳಲ್ಲಿ ತಿಂಗಳಿಗೊಮ್ಮೆ ಮಾಡಿ, ವರ್ಷಕ್ಕೊಮ್ಮೆ ಸಾಲದು. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ತುಂಬಬೇಕು, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಎಣ್ಣೆ ಬರುವವರೆಗೆ. ಮೇಲಿನಿಂದ ಸುರಿದರೆ ಗಾಳಿ ಒಳಗೇ ಸಿಕ್ಕಿಬಿಡುತ್ತದೆ. ಮೊದಲು ಮೇಲಿನ ಸ್ಕ್ರೂ ಮುಚ್ಚಿ, ಆಮೇಲೆ ಕೆಳಗಿನದು. ಎರಡಕ್ಕೂ ಹೊಸ ವಾಷರ್. ಹತ್ತು ರೂಪಾಯಿ ಉಳಿಸಲು ಹಳೆಯದನ್ನೇ ಹಾಕಿದ ಪೆಟ್ಟಿಗೆಗಳಲ್ಲಿ ನೀರು ಕಾಣುವುದು ಮಾಮೂಲು.

ತುಕ್ಕು ತಡೆಯಲು ಇಂಜಿನ್ನಿಗೆ ಹಚ್ಚಿದ ಆನೋಡ್ ತುಂಡು ಸತುವಿನದಾಗಿದ್ದರೆ ಬದಲಿಸಿ. ಸತು ಸಮುದ್ರಕ್ಕೆ ಸರಿ, ಸಿಹಿನೀರಿನಲ್ಲಿ ಅದರ ಮೇಲೆ ಪದರ ಕಟ್ಟಿ ಕೆಲಸ ನಿಲ್ಲಿಸುತ್ತದೆ. ನಮಗೆ ಮೆಗ್ನೀಶಿಯಂ, ಸಿಗದಿದ್ದರೆ ಅಲ್ಯೂಮಿನಿಯಂ. ಅರ್ಧ ಸವೆದರೆ ಹೊಸದು. ಅದರ ಮೇಲೆ ಬಣ್ಣ ಬಳಿಯಬಾರದು.

ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ಅರ್ಧ ತುಂಬಿದ ಟ್ಯಾಂಕ್ ಮಳೆಗಾಲವಿಡೀ ದೋಣಿಯಲ್ಲೇ ಉಳಿದರೆ ನೀರೂ ಎಥನಾಲೂ ಸೇರಿ ತಳಕ್ಕೆ ಇಳಿಯುತ್ತವೆ. ಟೂ ಸ್ಟ್ರೋಕ್ ಇಂಜಿನ್ನಿಗೆ ಇದು ಕುತ್ತು. ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಇಂಜಿನ್ ಎಳೆದುಕೊಳ್ಳುವುದು ಎಣ್ಣೆಯಿಲ್ಲದ ತಳದ ನೀರನ್ನು, ಪಿಸ್ಟನ್ ಹಿಡಿದುಬಿಡುತ್ತದೆ. ಎಣ್ಣೆ ಬೆರೆಸಿದ ಪೆಟ್ರೋಲ್ ತಿಂಗಳಿಗಿಂತ ಹೆಚ್ಚು ಇಡಬೇಡಿ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ದೋಣಿ ನಿಲ್ಲಿಸುವ ಮುನ್ನ ಪೆಟ್ರೋಲ್ ಪೈಪ್ ತೆಗೆದು ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಕಾರ್ಬೊರೇಟರ್ ಖಾಲಿಯಾಗುತ್ತದೆ. ಬೆರಕೆ 50ಕ್ಕೆ 1 ಅಂತಿದ್ದರೆ 10 ಲೀಟರಿಗೆ 200 ಮಿ.ಲೀ. ಎಣ್ಣೆ. ಅದು ನೀರಿನಿಂದ ತಣಿಯುವ ಟೂ ಸ್ಟ್ರೋಕ್ ಇಂಜಿನ್ನಿಗೆಂದೇ ಇರುವ ಟಿಸಿ-ಡಬ್ಲ್ಯು3 ಗುರುತಿನದ್ದೇ ಆಗಿರಲಿ. ಬೈಕಿನ ಟೂಟಿ ಎಣ್ಣೆ ಗಾಳಿಯಿಂದ ತಣಿಯುವ ಬಿಸಿ ಇಂಜಿನ್ನಿಗೆ ಮಾಡಿದ್ದು, ನೀರಿನಿಂದ ತಣಿಯುವ ಇಂಜಿನ್ನಿನಲ್ಲಿ ಕಿಟ್ಟ ಕಟ್ಟುತ್ತದೆ.

ಹಗ್ಗದ ಮಾತು ಚಿಕ್ಕದು. ಸಂತೆಯಲ್ಲಿ ಸಿಗುವ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ನಮ್ಮ ಬಿಸಿಲಿಗೆ ಎಳೆ ಎಳೆಯಾಗಿ ಉದುರುತ್ತದೆ. ಅದು ತೇಲುವುದರಿಂದ ಪ್ರೊಪೆಲ್ಲರಿಗೂ ಸಿಕ್ಕುತ್ತದೆ. 12 ಮಿ.ಮೀ. ನೈಲಾನ್ ಕೊಳ್ಳಿ. ಅದು ಮುಳುಗುತ್ತದೆ, ಜಗ್ಗಿದರೆ ಹಿಗ್ಗುತ್ತದೆ. ಕಲ್ಲಿಗೆ ಉಜ್ಜುವ ಕಡೆ ಹಳೆಯ ಸೈಕಲ್ ಟ್ಯೂಬ್ ತೊಡಿಸಿ. ನೀರಿನ ಮಟ್ಟ ಇಳಿಯುವ ತಿಂಗಳುಗಳಲ್ಲಿ ಗಿಡ್ಡ ಕಟ್ಟಿದ ದೋಣಿ ದಂಡೆಗೆ ನೇತುಬೀಳುತ್ತದೆ, ಎರಡು ಮೂರು ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ತಾಡಪತ್ರಿ ಹೊದಿಸುವಾಗ ನಡುವೆ ಬಿದಿರು ಕೊಟ್ಟು ಡೇರೆಯಂತೆ ಎತ್ತಿ. ಮೈಗೆ ತಾಗಿದ ತಾಡಪತ್ರಿಯ ಕೆಳಗೆ ಸೆಕೆಯೂ ತೇವವೂ ಕೂಡಿ ಜೆಲ್‌ಕೋಟ್ ಬೇಗ ಕೆಡುತ್ತದೆ.

ಹರಿಗೋಲು ಇದ್ದವರಿಗೆ ಇಷ್ಟೆಲ್ಲ ತಾಪತ್ರಯ ಇಲ್ಲ. ಡಾಂಬರು ಬಳಿದ ಮೈ ಮಧ್ಯಾಹ್ನದ ಬಿಸಿಲಿಗೆ ಕರಗಿ ಜಾರುತ್ತದೆ, ಬಿದಿರು ಒಣಗಿ ಸೀಳುತ್ತದೆ. ಬೋರಲಾಗಿ ನೆರಳಿಗೆ ಹಾಕಿ. ತೇಪೆಯ ಡಾಂಬರು ಹಚ್ಚುವ ಮುನ್ನ ಹರಿಗೋಲಿಗೆ ಹೊದಿಸಿದ ಚೀಲ ಪೂರ್ತಿ ಒಣಗಿರಬೇಕು. ತೇವದ ಮೇಲೆ ಬಿಸಿ ಡಾಂಬರು ಬಿದ್ದರೆ ನೊರೆಯೆದ್ದು ಸಿಡಿಯುತ್ತದೆ, ಹಿಡಿಯುವುದೂ ಇಲ್ಲ.

ನೀರಿಗೆ ಇಳಿಸುವ ದಿನ ಮೊದಲು ನೋಡಬೇಕಾದ್ದು ತಳದ ಬಿರಡೆ. ಕಟ್ಟಿದ ಜಾಗದಲ್ಲೇ ಮುಳುಗುವ ದೋಣಿಗಳಲ್ಲಿ ಬಹಳಷ್ಟಕ್ಕೆ ಬಿಸಿಲಿಗೆ ಗಟ್ಟಿಯಾದ ರಬ್ಬರ್ ಬಿರಡೆ, ಇಲ್ಲವೇ ಒಂದು ರಾತ್ರಿಯ ಜೋರು ಮಳೆ ಕಾರಣ. ಬಿರಡೆಯನ್ನು ಉಗುರಿನಿಂದ ಒತ್ತಿ, ಬಿರುಕು ಕಂಡರೆ ಹೊಸದು, ಒಂದು ಜಾಸ್ತಿ ಕೊಂಡು ದೋಣಿಗೇ ದಾರದಿಂದ ಕಟ್ಟಿಡಿ. ಲೈಫ್ ಜಾಕೆಟ್ಟಿನ ಫೋಮ್ ಹಿಸುಕಿದಾಗ ಮತ್ತೆ ಉಬ್ಬದಿದ್ದರೆ, ಹೊಲಿಗೆಯ ದಾರ ಬೆರಳಿಗೆ ಹರಿದರೆ, ಅದನ್ನು ಕತ್ತರಿಸಿ ಎಸೆಯಿರಿ. ಹಾಗೇ ಬಿಟ್ಟರೆ ಯಾರಾದರೂ ತೊಟ್ಟುಕೊಂಡೇ ತೊಟ್ಟುಕೊಳ್ಳುತ್ತಾರೆ. ದೋಣಿ ಇಳಿಸಿ ಹಗ್ಗ ಬಿಚ್ಚದೆ ಅರ್ಧ ಗಂಟೆ ಹಾಗೇ ನಿಲ್ಲಿಸಿ. ಒಬ್ಬರು ಒಳಗೆ ಕೂತು ತೇಪೆಯ ಜಾಗ, ಟ್ರಾನ್ಸಮ್ಮಿನ ಬೋಲ್ಟು, ಬಿರಡೆಯ ಸುತ್ತ ಟಿಶ್ಯೂ ಕಾಗದ ಒತ್ತಿ ನೋಡಲಿ. ಇನ್ನೊಬ್ಬರು ಹಿಂದೆ ನಿಂತು ಇಂಜಿನ್ ಚಿಮ್ಮಿಸುವ ನೀರು ನೋಡಲಿ. ಕಾಗದ ಒಣಗಿದ್ದು, ನೀರು ಬಲವಾಗಿ ಬರುತ್ತಿದ್ದರೆ ಹಗ್ಗ ಬಿಚ್ಚಬಹುದು. ಮೊದಲ ದಿನ ದಂಡೆ ಕಾಣುವಷ್ಟು ದೂರವೇ ಸಾಕು, ಹುಟ್ಟು ಎರಡೂ ಜೊತೆಯಲ್ಲಿರಲಿ.